ಹಾಡು ಕೇಳಿಸಿದ ಮಾತ್ರಕ್ಕೆ ಗೂಡು ತುಂಬಿದೆ ಎಂದಲ್ಲ

ಹಕ್ಕಿ ಎಣಿಸುವವರೆಲ್ಲರಿಗೂ ರೂಢಿಯಾಗಿರುವ ಒಂದು ಪದ್ಧತಿಯಿಂದ ಆರಂಭಿಸುತ್ತೇನೆ. ಸೂರ್ಯ ಹುಟ್ಟುವ ಹೊತ್ತಿಗೆ ಕಾಡಿನೊಳಗೆ ಒಂದು ಕಡೆ ನಿಂತು, ಐದೋ ಹತ್ತೋ ನಿಮಿಷ ಕಿವಿಗೊಟ್ಟು, ಯಾವ ದಿಕ್ಕಿನಿಂದ ಯಾವ ಹಕ್ಕಿಯ ಹಾಡು ಬಂತೆಂದು ಗುರುತು ಹಾಕಿಕೊಂಡು ಮುಂದಿನ ಜಾಗಕ್ಕೆ ನಡೆಯುವುದು. ದಟ್ಟ ಎಲೆಗಳ ನಡುವೆ ಹಾಡುಹಕ್ಕಿಗಳು ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚಾದ್ದರಿಂದ ಇದು ಸರಿಯಾದ ಪದ್ಧತಿಯೇ. ಹೀಗೆ ಹತ್ತು ಹೆಕ್ಟೇರಿನ ತುಣುಕು ಕಾಡೊಂದರಲ್ಲಿ ನೀವು ಆರು ಗಂಡುಗಳ ಹಾಡು ಕೇಳಿದಿರಿ ಎನ್ನಿ. ಟಿಪ್ಪಣಿ ಪುಸ್ತಕದಲ್ಲಿ ಆರು ಎಂದು ಬರೆಯುತ್ತೀರಿ. ವರದಿಯಲ್ಲಿ ಅದು ಆರು ಜೋಡಿ ಎಂದಾಗುತ್ತದೆ. ವರದಿ ಓದಿದವರ ತಲೆಯಲ್ಲಿ ಅದು ಮರಿಮಕ್ಕಳ ಸಮೇತ ಆರು ಸಂಸಾರ ಎಂದು ಕೂರುತ್ತದೆ. ಈ ಮೂರರಲ್ಲಿ ನೀವು ನಿಜವಾಗಿ ಕೇಳಿದ್ದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಕಾಡಿನ ತುಣುಕು ಹೇಗೆ ಸುಳ್ಳು ಮಾಡುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ.

ಗಂಡು ಹಕ್ಕಿಯ ಹಾಡು ಎರಡು ಸಮಾಚಾರಗಳನ್ನು ಸಾರುತ್ತದೆ: ಈ ಜಾಗ ನನ್ನದು ಎಂಬುದು ಒಂದು, ನನಗೆ ಜೊತೆ ಬೇಕು ಎಂಬುದು ಇನ್ನೊಂದು. ಜೊತೆ ಸಿಕ್ಕ ಮೇಲೆ ಎರಡನೆಯದರ ಅಗತ್ಯ ಉಳಿಯುವುದಿಲ್ಲವಾದ್ದರಿಂದ ಅನೇಕ ಪ್ರಭೇದಗಳಲ್ಲಿ ಹಾಡು ಗಣನೀಯವಾಗಿ ಇಳಿಯುತ್ತದೆ. ಜೊತೆ ಸಿಗದ ಗಂಡು ಮಾತ್ರ ಬೆಳಗಿನಿಂದ ಸಂಜೆಯವರೆಗೆ, ಋತು ಮುಗಿಯುವವರೆಗೆ ಹಾಡುತ್ತಲೇ ಇರುತ್ತದೆ. ಎಂದರೆ, ಹಾಡಿನಿಂದ ತುಂಬಿ ತುಳುಕುವ ತುಣುಕು ಕಾಡು ಒಂಟಿ ಗಂಡುಗಳಿಂದ ತುಂಬಿದ ಕಾಡೂ ಆಗಿರಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ಓವನ್‌ಬರ್ಡ್ ಎಂಬ ಹಕ್ಕಿ. ಉತ್ತರ ಅಮೆರಿಕದ ಕಾಡುಗಳಲ್ಲಿ ಬೇಸಿಗೆ ಕಳೆದು ಚಳಿಗಾಲಕ್ಕೆ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ಕಡೆಗೆ ವಲಸೆ ಹೋಗುವ ಈ ಪುಟ್ಟ ಹಕ್ಕಿ ಗೂಡು ಕಟ್ಟುವುದು ನೆಲದ ಮೇಲೆ. ಒಣಗಿದ ಎಲೆ, ಹುಲ್ಲು, ತೊಗಟೆಯ ಚೂರುಗಳನ್ನು ಹೆಣ್ಣು ಗುಮ್ಮಟದಂತೆ ಹೆಣೆದು, ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಬಿಡುತ್ತದೆ. ಹಳೆಯ ಕಾಲದ ಮಣ್ಣಿನ ಒಲೆಯಂತೆ ಕಾಣುವುದರಿಂದ ಆ ಹೆಸರು. ಎರಡಡಿ ದೂರದಲ್ಲಿ ನಿಂತರೂ ಅದು ಉದುರಿದ ಎಲೆಗಳ ರಾಶಿಯಲ್ಲಿ ಒಂದು ಉಬ್ಬು ಅನ್ನಿಸುತ್ತದೆಯೇ ಹೊರತು ಗೂಡೆಂದು ತಿಳಿಯುವುದಿಲ್ಲ. ಮಿಸೌರಿಯಲ್ಲಿ ಗಿಬ್ಸ್ ಮತ್ತು ಫಾಬೋರ್ಗ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶಾಲ ಕಾಡಿನಲ್ಲಿ ಹಾಡುತ್ತಿದ್ದ ಓವನ್‌ಬರ್ಡ್ ಗಂಡುಗಳಲ್ಲಿ ಬಹುಪಾಲಿಗೆ ಜೊತೆಯಿತ್ತು, ತುಣುಕುಗಳಲ್ಲಿ ಹಾಡುತ್ತಿದ್ದವುಗಳಲ್ಲಿ ಬಹುಪಾಲಿಗೆ ಇರಲಿಲ್ಲ. ಎರಡೂ ಕಡೆ ಕೇಳುವ ಹಾಡು ಒಂದೇ. ಹೆಣ್ಣು ಏಕೆ ಬರುವುದಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ತುಣುಕು ಎಂದರೇನೆಂದು ನೋಡೋಣ.

ದಯವಿಟ್ಟು ಮನಸ್ಸಿನಲ್ಲೇ ಒಂದು ಚೌಕ ಬಿಡಿಸಿಕೊಳ್ಳಿ. ಒಂದೊಂದು ಬದಿಯೂ ಒಂದು ಕಿಲೋಮೀಟರ್, ಒಟ್ಟು 100 ಹೆಕ್ಟೇರ್ ಕಾಡು. ಹೊರಗಿನ ಬಯಲಿನ ಗಾಳಿ, ಬಿಸಿಲು, ಅಲ್ಲಿಂದ ನುಗ್ಗುವ ಪ್ರಾಣಿಗಳು, ಇವೆಲ್ಲದರ ಪ್ರಭಾವ ಅಂಚಿನಿಂದ 100 ಮೀಟರ್ ಒಳಗಿನವರೆಗೆ ತಟ್ಟುತ್ತದೆ ಎಂದುಕೊಳ್ಳೋಣ. ಆಗ ನಿಜವಾದ ಒಳಗಾಡು ಎಂದು ಉಳಿಯುವುದು 800 ಮೀಟರ್ ಬದಿಯ ಚೌಕ, ಅಂದರೆ 64 ಹೆಕ್ಟೇರ್. ಈಗ ಅದೇ 100 ಹೆಕ್ಟೇರನ್ನು ಹತ್ತು ಹೆಕ್ಟೇರಿನ ಹತ್ತು ಚೌಕಗಳಾಗಿ ಹಂಚಿ. ಒಂದು ಮರವೂ ಕಡಿಮೆಯಾಗಿಲ್ಲ. ಆದರೆ ಪ್ರತಿ ಚೌಕದ ಬದಿ 316 ಮೀಟರ್ ಮಾತ್ರ. ಎರಡೂ ಕಡೆ ನೂರು ನೂರು ಕಳೆದರೆ ಒಳಗಾಡು ಒಂದೂಕಾಲು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು, ಹತ್ತೂ ಸೇರಿದರೆ 13 ಹೆಕ್ಟೇರ್ ಚಿಲ್ಲರೆ. ಇನ್ನು ಅದೇ ನೂರು ಹೆಕ್ಟೇರನ್ನು ರಸ್ತೆಯುದ್ದಕ್ಕೂ 200 ಮೀಟರ್ ಅಗಲದ ಪಟ್ಟಿಯಾಗಿ ಉಳಿಸಿದರೆ ಒಳಗಾಡು ಸೊನ್ನೆ. ಲೆಕ್ಕಪತ್ರದಲ್ಲಿ ಮೂರೂ ನೂರು ಹೆಕ್ಟೇರ್ ಕಾಡೇ. ಇದು ಬರೀ ಕಾಗದದ ಆಟವೆಂದು ತಿಳಿಯಬೇಡಿ: 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ವಿಶ್ಲೇಷಣೆಯ ಪ್ರಕಾರ, ಪ್ರಪಂಚದಲ್ಲಿ ಉಳಿದಿರುವ ಕಾಡಿನಲ್ಲಿ ಸುಮಾರು ಶೇ. 70ರಷ್ಟು, ಅಂಚಿನಿಂದ ಒಂದು ಕಿಲೋಮೀಟರಿನ ಒಳಗೇ ಇದೆ.

ಅಂಚಿನಲ್ಲಿ ಗೂಡಿಗೆ ಏನಾಗುತ್ತದೆ? 1978ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಗೇಟ್ಸ್ ಮತ್ತು ಗೈಸೆಲ್ ಎಂಬ ಸಂಶೋಧಕರು ಮಿಷಿಗನ್ನಿನಲ್ಲಿ ಬಯಲು ಮತ್ತು ಕಾಡು ಕೂಡುವ ಕಡೆ ಗೂಡುಗಳನ್ನು ಹುಡುಕಿ ಗುರುತಿಸಿದರು. ಅಂಚಿಗೆ ಹತ್ತಿರವಾದಷ್ಟೂ ಗೂಡುಗಳು ಹೆಚ್ಚಾಗಿದ್ದವು. ಅಂಚಿಗೆ ಹತ್ತಿರವಾದಷ್ಟೂ ಹಾರಿಹೋದ ಮರಿಗಳು ಕಡಿಮೆಯಾಗಿದ್ದವು. ಪೊದೆ ಹುಲುಸಾಗಿದೆ, ಬೆಳಕಿದೆ, ಗೂಡು ಕಟ್ಟಲು ಜಾಗವಿದೆ ಎಂಬ, ಸಾವಿರಾರು ವರ್ಷ ನಂಬಿ ಕೆಡದಿದ್ದ ಗುರುತುಗಳನ್ನು ನೋಡಿಯೇ ಹಕ್ಕಿ ಅಲ್ಲಿ ನೆಲೆಸುತ್ತದೆ; ಆ ಗುರುತುಗಳ ಹಿಂದೆ ಈಗ ಬೇರೆಯದೇ ಕಾದಿದೆ. ಇದನ್ನು ಅವರು ಪರಿಸರದ ಬೋನು ಎಂಬ ಅರ್ಥದ ಹೆಸರಿನಿಂದ ಕರೆದರು. ಬೋನಿಗೆ ಇಲಿಯನ್ನು ಸೆಳೆಯುವುದೂ ಅದಕ್ಕೆ ಇಷ್ಟವಾದ ವಾಸನೆಯೇ.

1985ರಲ್ಲಿ ಡೇವಿಡ್ ವಿಲ್ಕೋವ್ ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾದುದು. ಅವರು ಬೆತ್ತದ ಸಣ್ಣ ಬುಟ್ಟಿಗಳನ್ನು ಗೂಡಿನಂತೆ ಸಿಂಗರಿಸಿ, ಒಳಗೆ ಕ್ವೇಲ್ ಮೊಟ್ಟೆಗಳನ್ನಿಟ್ಟು, ಬೇರೆ ಬೇರೆ ಅಳತೆಯ ಕಾಡುಗಳಲ್ಲಿ ಇಟ್ಟುಬಂದರು. ಗ್ರೇಟ್ ಸ್ಮೋಕಿ ಪರ್ವತಗಳ ವಿಶಾಲ ಕಾಡಿನಲ್ಲಿ ಐವತ್ತರಲ್ಲಿ ಒಂದು ಗೂಡಿನಷ್ಟು ಮಾತ್ರ ಲೂಟಿಯಾಯಿತು; ಊರಂಚಿನ ಸಣ್ಣ ತೋಪುಗಳಲ್ಲಿ ಹೆಚ್ಚಿನವು ಲೂಟಿಯಾದವು. ಕಾಗೆ ಜಾತಿಯ ಹಕ್ಕಿಗಳು, ರಕೂನು, ಅಳಿಲು, ಸಾಕು ಬೆಕ್ಕು, ಇವೆಲ್ಲ ಮನುಷ್ಯರ ಆಸುಪಾಸಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಸಂಖ್ಯೆ ಬೆಳೆಸಿಕೊಂಡಿರುವ ಪ್ರಾಣಿಗಳು; ಹತ್ತು ಹೆಕ್ಟೇರಿನ ತುಣುಕು ಅವಕ್ಕೆ ಒಂದು ಸುತ್ತಾಟದ ದೂರ. ದೊಡ್ಡ ಬೇಟೆಪ್ರಾಣಿ ಇಲ್ಲವಾದ ಕಡೆ ಇವುಗಳ ಹಾವಳಿ ಇನ್ನೂ ಹೆಚ್ಚು. ಸ್ಯಾನ್ ಡಿಯೆಗೋ ನಗರದ ಕಣಿವೆಗಳಲ್ಲಿ ತೋಳದ ಜಾತಿಯ ಕೊಯೊಟಿಗಳು ಉಳಿದುಕೊಂಡಿದ್ದ ತುಣುಕುಗಳಲ್ಲಿ ಬೆಕ್ಕುಗಳ ಓಡಾಟ ಕಡಿಮೆಯಿತ್ತು, ಪೊದೆಹಕ್ಕಿಗಳ ಪ್ರಭೇದಗಳು ಹೆಚ್ಚು ಉಳಿದಿದ್ದವು ಎಂದು ಕ್ರುಕ್ಸ್ ಮತ್ತು ಸೂಲೆ 1999ರಲ್ಲಿ ತೋರಿಸಿದರು.

ವಿಷಯದಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಒಂದು ಮಾತು ಹೇಳಬೇಕು. ಈ ನಕಲಿ ಗೂಡಿನ ಪ್ರಯೋಗಗಳನ್ನು ಕಣ್ಣು ಮುಚ್ಚಿ ನಂಬಬಾರದು. ಕ್ವೇಲ್ ಮೊಟ್ಟೆಯನ್ನು ಕಚ್ಚಿ ಒಡೆಯುವುದು ಕಾಡಿನ ಸಣ್ಣ ಇಲಿಗಳ ಬಾಯಿಗೆ ಕಷ್ಟ. ನಕಲಿ ಗೂಡಿನಲ್ಲಿ ಕೂಗುವ ಮರಿಯಿಲ್ಲ, ಬಂದು ಹೋಗುವ ತಾಯಿಯಿಲ್ಲ, ವಾಸನೆಯೂ ಬೇರೆ. ಮುಂದೆ ನಿಜವಾದ ಗೂಡುಗಳ ಮುಂದೆ ಕ್ಯಾಮೆರಾ ಇಟ್ಟಾಗ ಅಪರಾಧಿಗಳ ಪಟ್ಟಿಯೇ ಬದಲಾಯಿತು. ಹಾವುಗಳ ಪಾಲು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಹುಲ್ಲು ಮೇಯುವ ಸಾಧು ಪ್ರಾಣಿಯೆಂದು ಎಲ್ಲರೂ ತಿಳಿದಿದ್ದ ಬಿಳಿಬಾಲದ ಜಿಂಕೆ ಕೂಡ ಗೂಡಿನೊಳಗಿನ ಮರಿಗಳನ್ನು ತಿನ್ನುತ್ತಿದ್ದುದು ದಾಖಲಾಯಿತು. ಹಾವು ಕಾಡಂಚಿಗೆ ಬರುವುದು ಹಕ್ಕಿ ಹುಡುಕಿಕೊಂಡೇ ಅಲ್ಲ. ಅದು ತಣ್ಣನೆಯ ಮೈಯ ಪ್ರಾಣಿ. ಬಿಸಿಲಿಗೂ ನೆರಳಿಗೂ ಒಂದೇ ಮಾರಿನ ದೂರವಿರುವ ಅಂಚು ಅದಕ್ಕೆ ಮೈ ಕಾಯಿಸಿಕೊಳ್ಳಲು ಅನುಕೂಲದ ಜಾಗ. ಅಲ್ಲಿಗೆ ಬಂದ ಮೇಲೆ ಗೂಡು ಸಿಗುತ್ತದೆ, ಅಷ್ಟೇ.

ಈಗ ಒಂದು ಸಣ್ಣ ಗಣಿತ. ಗೂಡುಗಳ ಯಶಸ್ಸನ್ನು ದಿನದ ಲೆಕ್ಕದಲ್ಲಿ ಅಳೆಯಬೇಕೆಂದು 1961ರಲ್ಲಿ ಹೇಳಿಕೊಟ್ಟವರು ಹೆರಾಲ್ಡ್ ಮೇಫೀಲ್ಡ್. ಅವರು ವೃತ್ತಿಯಿಂದ ಪಕ್ಷಿವಿಜ್ಞಾನಿಯಲ್ಲ, ಹವ್ಯಾಸಿ. ಆದರೆ ಇವತ್ತಿಗೂ ಗೂಡಿನ ಅಧ್ಯಯನ ಮಾಡುವ ಯಾರೂ ಅವರ ಹೆಸರು ಹೇಳದೆ ಲೆಕ್ಕ ಆರಂಭಿಸುವುದಿಲ್ಲ. ಮೊಟ್ಟೆಯಿಟ್ಟು, ಕಾವು ಕೂತು, ಮರಿಗೆ ಗುಟುಕು ಕೊಟ್ಟು, ಅದು ಗೂಡು ಬಿಡುವವರೆಗೆ 25 ದಿನ ಬೇಕು ಎಂದಿಟ್ಟುಕೊಳ್ಳಿ. ದಿನಕ್ಕೆ ನೂರರಲ್ಲಿ ನಾಲ್ಕು ಗೂಡು ಹಾಳಾಗುವ ಕಾಡಿನಲ್ಲಿ 25 ದಿನ ದಾಟುವುದು ನೂರರಲ್ಲಿ 36. ದಿನಕ್ಕೆ ಎಂಟು ಹಾಳಾಗುವ ಕಾಡಿನಲ್ಲಿ ದಾಟುವುದು 12. ಅಪಾಯ ಎರಡು ಪಟ್ಟಾದರೆ ಯಶಸ್ಸು ಅರ್ಧವಾಗುತ್ತದೆ ಎಂದು ನಮ್ಮ ಮನಸ್ಸು ಊಹಿಸುತ್ತದೆ. ವಾಸ್ತವದಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತವೆ.

ಗೂಡನ್ನು ಬರಿದು ಮಾಡುವ ಕಳ್ಳರ ಜೊತೆಗೆ ಗೂಡನ್ನು ತುಂಬುವ ಕಳ್ಳರೂ ಇದ್ದಾರೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದು ನಿಮಗೆ ಗೊತ್ತು. ಉತ್ತರ ಅಮೆರಿಕದಲ್ಲಿ ಆ ಕೆಲಸ ಮಾಡುವುದು ಕಂದು ತಲೆಯ ಕೌಬರ್ಡ್. ಹಿಂದೆ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಗಳ ಹಿಂಡಿನ ಹಿಂದೆ ಹುಳ ಹಿಡಿಯುತ್ತ ಸಾಗುತ್ತಿದ್ದ ಈ ಹಕ್ಕಿ, ಕಾಡು ಕಡಿದು ಹೊಲ ಮತ್ತು ದನದ ಹಟ್ಟಿಗಳಾದಂತೆ ಪೂರ್ವಕ್ಕೆ ಹರಡಿತು. ಒಂದು ಹೆಣ್ಣು ಒಂದೇ ಋತುವಿನಲ್ಲಿ ನಲವತ್ತರವರೆಗೂ ಮೊಟ್ಟೆಯಿಡಬಲ್ಲದು. ನಸುಕಿನಲ್ಲಿ, ಗೂಡಿನೊಡತಿ ಇನ್ನೂ ಬಾರದ ಹೊತ್ತಿನಲ್ಲಿ ಬಂದು, ಒಂದು ನಿಮಿಷದೊಳಗೆ ಮೊಟ್ಟೆಯಿಟ್ಟು ಹೋಗುತ್ತದೆ. ಆಗಾಗ್ಗೆ ಒಡತಿಯ ಒಂದು ಮೊಟ್ಟೆಯನ್ನು ಎತ್ತಿಕೊಂಡೂ ಹೋಗುತ್ತದೆ. ಕೌಬರ್ಡ್ ಮರಿ ಬೇಗ ಒಡೆದು ಬರುತ್ತದೆ, ಬೇಗ ಬೆಳೆಯುತ್ತದೆ, ಕುತ್ತಿಗೆ ಎತ್ತರಿಸಿ ಗುಟುಕನ್ನೆಲ್ಲ ತಾನೇ ದೋಚುತ್ತದೆ. ಕೋಗಿಲೆಯ ಜೊತೆ ಸಾವಿರಾರು ವರ್ಷ ಬಾಳಿದ ಹಕ್ಕಿಗಳು ಮೋಸವನ್ನು ಗುರುತಿಸಲು ತಕ್ಕಮಟ್ಟಿಗೆ ಕಲಿತಿರುತ್ತವೆ. ಒಳಗಾಡಿನ ಹಕ್ಕಿಗಳಿಗೆ ಕೌಬರ್ಡ್ ಹೊಸ ಶತ್ರು, ಅವು ಆ ಮೊಟ್ಟೆಗೂ ಕಾವು ಕೊಡುತ್ತವೆ.

ಸ್ಕಾಟ್ ರಾಬಿನ್ಸನ್ ಮತ್ತು ಸಂಗಡಿಗರು ಅಮೆರಿಕದ ಮಧ್ಯಪಶ್ಚಿಮದ ಒಂಬತ್ತು ಪ್ರದೇಶಗಳಲ್ಲಿ 5,000ಕ್ಕೂ ಹೆಚ್ಚು ಗೂಡುಗಳನ್ನು ಹಿಂಬಾಲಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಡಿನ ಹೊದಿಕೆ ಒಂದು ಕಡೆ ಶೇ. 6 ಇದ್ದರೆ ಇನ್ನೊಂದು ಕಡೆ ಶೇ. 95 ಇತ್ತು. ಹೊದಿಕೆ ಕಡಿಮೆಯಾದಂತೆ ಗೂಡಿನ ಲೂಟಿಯೂ ಏರಿತು, ಕೌಬರ್ಡ್ ಮೊಟ್ಟೆಗಳೂ ಏರಿದವು. ತೀರಾ ಛಿದ್ರವಾದ ಕಡೆ ವುಡ್ ಥ್ರಶ್ ಹಕ್ಕಿಯ ಹೆಚ್ಚುಕಡಿಮೆ ಪ್ರತಿ ಗೂಡಿನಲ್ಲೂ ಕೌಬರ್ಡ್ ಮೊಟ್ಟೆಯಿತ್ತು, ಕೆಲವು ಗೂಡುಗಳಲ್ಲಿ ಸ್ವಂತ ಮೊಟ್ಟೆಗಳಿಗಿಂತ ಅವೇ ಹೆಚ್ಚಿದ್ದವು. ಈ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವುದು ಅದರ ಅಳತೆಗೋಲು. ಕೌಬರ್ಡ್ ಬೆಳಿಗ್ಗೆ ಕಾಡಿನಲ್ಲಿ ಗೂಡು ಹುಡುಕಿ, ಮಧ್ಯಾಹ್ನ ಹಲವು ಕಿಲೋಮೀಟರ್ ದೂರದ ಹೊಲಕ್ಕೆ ಮೇಯಲು ಹೋಗುವ ಹಕ್ಕಿ. ಆದ್ದರಿಂದ ನಿಮ್ಮ ತುಣುಕಿನ ಗೂಡುಗಳ ಗತಿಯನ್ನು ಆ ತುಣುಕಿನ ವಿಸ್ತೀರ್ಣವೊಂದೇ ನಿರ್ಧರಿಸುವುದಿಲ್ಲ, ಸುತ್ತಲಿನ ಹತ್ತಾರು ಕಿಲೋಮೀಟರುಗಳಲ್ಲಿ ಏನಿದೆ ಎಂಬುದೂ ನಿರ್ಧರಿಸುತ್ತದೆ. ಬಹುಪಾಲು ಕಾಡೇ ಇರುವ ಸೀಮೆಯಲ್ಲಿ ಮರ ಕಡಿದು ಉಂಟಾದ ಅಂಚು, ಹೊಲಗಳ ನಡುವಿನ ತೋಪಿನ ಅಂಚಿನಷ್ಟು ಮಾರಕವಾಗದಿರುವುದಕ್ಕೂ ಇದೇ ಕಾರಣ.

ಇನ್ನು ಹೆಣ್ಣು ಏಕೆ ಬರುವುದಿಲ್ಲ ಎಂಬ ಪ್ರಶ್ನೆ. ಅಂಚಿನ ಗಾಳಿ ಮತ್ತು ಬಿಸಿಲಿಗೆ ನೆಲದ ಎಲೆಹಾಸು ಒಣಗುತ್ತದೆ. ಎಲೆಹಾಸು ಒಣಗಿದರೆ ಅದರಡಿಯ ಹುಳಹುಪ್ಪಟೆ ಕಡಿಮೆಯಾಗುತ್ತದೆ. ಓವನ್‌ಬರ್ಡ್ ಹೊಟ್ಟೆ ಹೊರೆಯುವುದು ಆ ಹುಳಗಳಿಂದಲೇ. ಒಂಟಾರಿಯೋದಲ್ಲಿ ಬರ್ಕ್ ಮತ್ತು ನಾಲ್ 1998ರಲ್ಲಿ ಪ್ರಕಟಿಸಿದಂತೆ, ದೊಡ್ಡ ಕಾಡಿನ ಎಲೆಹಾಸಿಗೆ ಹೋಲಿಸಿದರೆ ಸಣ್ಣ ತೋಪುಗಳಲ್ಲಿ ಈ ಆಹಾರ ಹಲವು ಪಟ್ಟು ಕಡಿಮೆ. ಬೇಟೆಗಾರ ಪ್ರಾಣಿ ಯಾವುದೂ ಗೂಡಿನ ಕಡೆ ಸುಳಿಯದಿದ್ದರೂ ಹಸಿವು ತನ್ನ ಕೆಲಸ ಮಾಡುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಈಸ್ಟರ್ನ್ ಯೆಲ್ಲೋ ರಾಬಿನ್ ಇನ್ನೂ ಚೆನ್ನಾಗಿ ತೋರಿಸುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಲಿಯಾನಾ ಜನೆಟ್ ಮತ್ತು ಸಹೋದ್ಯೋಗಿಗಳು ಸುಮಾರು 55 ಹೆಕ್ಟೇರಿನ ತುಣುಕುಗಳನ್ನು 400 ಹೆಕ್ಟೇರಿಗೂ ದೊಡ್ಡ ಕಾಡುಗಳ ಜೊತೆ ಹೋಲಿಸಿ 2000ನೇ ಇಸವಿಯಲ್ಲಿ ಬರೆದರು. ಈ ಹಕ್ಕಿಯಲ್ಲಿ ಕಾವು ಕೂತ ಹೆಣ್ಣಿಗೆ ಗಂಡು ಆಹಾರ ತಂದು ತಿನ್ನಿಸುತ್ತದೆ. ಸಣ್ಣ ತುಣುಕಿನಲ್ಲಿ ನೆಲದ ಕೀಟಗಳು ಅರ್ಧದಷ್ಟಿದ್ದವು, ಗಂಡು ತರುವುದು ಕಡಿಮೆಯಾಯಿತು, ಹಸಿದ ಹೆಣ್ಣು ಮತ್ತೆ ಮತ್ತೆ ಗೂಡು ಬಿಟ್ಟೇಳಬೇಕಾಯಿತು. ಮೊಟ್ಟೆಗಳು ಹಗುರ, ಮರಿಗಳು ಗಿಡ್ಡ, ಮರಿ ಮಾಡುವ ಋತುವೇ ಮೊಟಕು. ಋತು ಮೊಟಕಾಯಿತೆಂದರೆ, ಹಾಳಾದ ಗೂಡಿಗೆ ಬದಲು ಇನ್ನೊಂದನ್ನು ಕಟ್ಟುವ ಅವಕಾಶವೂ ಮೊಟಕಾಯಿತೆಂದೇ ಅರ್ಥ.

ಈಗ ಆ ಎರಡು ಸಂಖ್ಯೆಗಳಿಗೆ ಮರಳೋಣ: 36 ಮತ್ತು 12. ಹತ್ತು ಜೋಡಿಗಳ ಒಂದು ಕಾಲ್ಪನಿಕ ಕಾಡು. ಬಲಿತ ಹಕ್ಕಿಗಳಲ್ಲಿ ಹತ್ತರಲ್ಲಿ ಆರು ಮುಂದಿನ ವರ್ಷಕ್ಕೆ ಬದುಕುತ್ತವೆ, ಗೂಡು ಬಿಟ್ಟ ಮರಿಗಳಲ್ಲಿ ಹತ್ತರಲ್ಲಿ ಮೂರು ಬದುಕುತ್ತವೆ ಎನ್ನೋಣ. ಸಣ್ಣ ಹಾಡುಹಕ್ಕಿಗಳಿಗೆ ಇದು ಅಸಂಬದ್ಧ ಊಹೆಯಲ್ಲ. ಇಪ್ಪತ್ತರಲ್ಲಿ ಎಂಟು ಸಾಯುತ್ತವೆ. ಆ ಎಂಟನ್ನು ತುಂಬಲು 27 ಮರಿಗಳಾದರೂ ಹಾರಬೇಕು. ಪ್ರತಿ ಜೋಡಿ ಋತುವಿಗೆ ಮೂರು ಸಲ ಪ್ರಯತ್ನಿಸಿ, ಒಮ್ಮೆ ಗೆದ್ದರೆ ನಾಲ್ಕು ಮರಿ ಹಾರಿಸಿ ನಿಲ್ಲುತ್ತದೆ ಎನ್ನಿ. ಗೂಡಿನ ಯಶಸ್ಸು ಶೇ. 36 ಇರುವಲ್ಲಿ ಹತ್ತರಲ್ಲಿ ಏಳು ಜೋಡಿ ಗೆಲ್ಲುತ್ತವೆ; 28 ಮರಿ, ಲೆಕ್ಕ ಹೇಗೋ ಸರಿಹೋಯಿತು. ಶೇ. 12 ಇರುವಲ್ಲಿ ಗೆಲ್ಲುವುದು ಮೂರು ಜೋಡಿ. 12 ಮರಿ, ಅವುಗಳಲ್ಲಿ ಬದುಕುವುದು ಮೂರೋ ನಾಲ್ಕೋ. ಮೊದಲ ವರ್ಷವೇ ನಾಲ್ಕು ಹಕ್ಕಿಗಳ ಕೊರತೆ, ಆಮೇಲೂ ವರ್ಷ ವರ್ಷ ಸುಮಾರು ಐದರಲ್ಲಿ ಒಂದು ಪಾಲು ಇಳಿಕೆ. ಹತ್ತು ವರ್ಷಗಳ ಆಸುಪಾಸಿನಲ್ಲಿ ಕಾಡು ಹೆಚ್ಚುಕಡಿಮೆ ಮೌನವಾಗಬೇಕು.

ಆದರೆ ಆಗುವುದಿಲ್ಲ, ಮರುವರ್ಷವೂ ಹತ್ತು ಹಾಡು ಕೇಳುತ್ತವೆ. ಎಲ್ಲೋ ದೂರದ ದೊಡ್ಡ ಕಾಡಿನಲ್ಲಿ ಹುಟ್ಟಿ, ಅಲ್ಲಿ ಜಾಗ ಸಿಗದೆ ಬಂದ ಎಳೆಯ ಗಂಡುಗಳು ಖಾಲಿ ಜಾಗವನ್ನು ಹಿಡಿದುಕೊಂಡಿರುತ್ತವೆ. ರೊನಾಲ್ಡ್ ಪುಲ್ಲಿಯಮ್ 1988ರಲ್ಲಿ ಇಂತಹ ಆವಾಸಗಳನ್ನು ಊಟೆ ಮತ್ತು ಇಂಗುಗುಂಡಿ ಎಂಬ ಎರಡು ಬಗೆಯಾಗಿ ವಿಂಗಡಿಸುವ ಸಿದ್ಧಾಂತ ಮಂಡಿಸಿದರು: ಒಂದರಲ್ಲಿ ಹುಟ್ಟು ಸಾವನ್ನು ಮೀರುತ್ತದೆ, ಇನ್ನೊಂದು ಹೊರಗಿನಿಂದ ಬಂದವರ ಮೇಲೆ ನಿಂತಿರುತ್ತದೆ. ಇಂಗುಗುಂಡಿಯಲ್ಲೂ ನೀರು ಕಾಣುತ್ತದೆ. ಊಟೆ ಬತ್ತಿದ ಮೇಲಷ್ಟೇ ವ್ಯತ್ಯಾಸ ತಿಳಿಯುವುದು. ಹಾಡು ಎಣಿಸುವ ನಮ್ಮ ಪದ್ಧತಿಗೆ ಇವೆರಡನ್ನು ಬೇರ್ಪಡಿಸುವ ಶಕ್ತಿಯಿಲ್ಲ.

ಕಾಡಿನ ನಷ್ಟ ಬೇರೆ, ಛಿದ್ರೀಕರಣ ಬೇರೆ. ಒಟ್ಟು ವಿಸ್ತೀರ್ಣ ಸಮನಾಗಿದ್ದರೆ ತುಣುಕಾಗುವುದರ ಪರಿಣಾಮ ದುರ್ಬಲ, ಕೆಲವೊಮ್ಮೆ ಒಳ್ಳೆಯದೂ ಹೌದು ಎಂದು ಕೆನಡಾದ ಲೆನೋರ್ ಫಾರಿಗ್ 2003ರಿಂದಲೂ ವಾದಿಸುತ್ತ ಬಂದಿದ್ದಾರೆ. ವಾದವನ್ನು ಗೌರವಿಸಬೇಕು, ಪೊದೆಗಾಡಿನ ಹಕ್ಕಿಗಳಿಗೆ ಅಂಚು ನಿಜಕ್ಕೂ ಬೇಕು. ಆದರೆ ಅವರು ಸಂಗ್ರಹಿಸಿದಂತಹ ಅಧ್ಯಯನಗಳಲ್ಲಿ ಹೆಚ್ಚಿನವು ಎಣಿಸಿರುವುದು ಯಾವ ಪ್ರಭೇದ ಇದೆ, ಎಷ್ಟು ಇವೆ ಎಂಬುದನ್ನು. ಎಷ್ಟು ಮರಿ ಹಾರಿದವು ಎಂದು ಕೇಳಿದಾಗ ಬರುವ ಉತ್ತರ ಬೇರೆಯಾಗಬಹುದು ಎಂಬುದು ನನ್ನ ಅಭಿಪ್ರಾಯ.

ತುಣುಕಿನಿಂದ ತುಣುಕಿಗೆ ಹಾರಿ ಹೋಗಬಹುದಲ್ಲ, ರೆಕ್ಕೆಯಿದೆಯಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸಾವಿರಾರು ಕಿಲೋಮೀಟರ್ ವಲಸೆ ಹೋಗುವ ಹಕ್ಕಿಯೂ ಮರಿ ಮಾಡುವ ಋತುವಿನಲ್ಲಿ ಐವತ್ತು ಮೀಟರ್ ಬಯಲನ್ನು ದಾಟಲು ಹಿಂಜರಿಯುತ್ತದೆ. ಕ್ವಿಬೆಕ್‌ನಲ್ಲಿ ಡೆರೋಷರ್ಸ್ ಮತ್ತು ಹ್ಯಾನನ್ 1997ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಚಿಕಡೀ ಹಕ್ಕಿಗಳ ಅಪಾಯದ ಕೂಗನ್ನು ಬಯಲಿನಾಚೆ ಕೇಳಿಸಿದಾಗ, ಕಾಡಿನೊಳಗಿನ ದಾರಿ ಮೂರು ಪಟ್ಟು ಸುತ್ತಾದರೂ ಹೆಚ್ಚಿನ ಹಕ್ಕಿಗಳು ಅದನ್ನೇ ಹಿಡಿದು ಬಂದವು.

ಹೀಗೆ ದೂರವಾದ ಹಕ್ಕಿಗಳ ಹಾಡಿಗೇ ಏನಾಗುತ್ತದೆ ಎಂಬುದು ಕೊನೆಯ ಸಂಗತಿ. ಹಾಡುಹಕ್ಕಿಯ ಮರಿ ಹಾಡನ್ನು ಹುಟ್ಟಿನಿಂದ ತರುವುದಿಲ್ಲ, ಸುತ್ತಲಿನ ಹಿರಿಯ ಗಂಡುಗಳಿಂದ ಕೇಳಿ ಕಲಿಯುತ್ತದೆ. ಸ್ಪೇನಿನ ಒಣ ಬಯಲುಗಳಲ್ಲಿ ಬದುಕುವ ಡ್ಯುಪಾಂಟ್ಸ್ ಲಾರ್ಕ್ ಹಕ್ಕಿಯ ನೆಲೆಯನ್ನು ಉಳುಮೆ ತುಂಡು ತುಂಡು ಮಾಡಿದೆ. ಪಾವೊಲಾ ಲಯೋಲೊ ಮತ್ತು ಹೊಸೆ ತೆಯ್ಯಾ ಅಲ್ಲಿ ಧ್ವನಿಮುದ್ರಿಸಿ ಕಂಡುಕೊಂಡಂತೆ, ಸಣ್ಣ, ಒಂಟಿ ನೆಲೆಗಳ ಗಂಡುಗಳ ಹಾಡಿನ ಭಂಡಾರ ಬಡವಾಗಿತ್ತು. ಹಾಡಿನ ವೈವಿಧ್ಯ ಕುಗ್ಗಿದ್ದ ನೆಲೆಗಳೇ ಮುಂದೆ ಕ್ಷೀಣಿಸುವ ನೆಲೆಗಳೂ ಆಗಿದ್ದವು ಎಂದು 2008ರಲ್ಲಿ ಅವರ ತಂಡ ಪ್ರಕಟಿಸಿತು.

ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್‌ನ ಕಥೆ ಇನ್ನೂ ಮುಂದಕ್ಕೆ ಹೋಗಿದೆ. ಹಿಂದೆ ದೊಡ್ಡ ಗುಂಪುಗಳಲ್ಲಿ ಹೂಬಿಟ್ಟ ನೀಲಗಿರಿ ಮರಗಳನ್ನು ಹಿಂಬಾಲಿಸುತ್ತಿದ್ದ ಈ ಹಕ್ಕಿಗಳು ಆ ಕಾಡುಗಳು ಕಡಿದುಹೋದ ಮೇಲೆ ಕೆಲವು ನೂರರ ಸಂಖ್ಯೆಗೆ ಇಳಿದು, ದೊಡ್ಡ ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದಾಗಿ ಚದುರಿವೆ. ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು 2021ರಲ್ಲಿ ತಿಳಿಸಿದಂತೆ, ಧ್ವನಿಮುದ್ರಿಸಿದ ಗಂಡುಗಳಲ್ಲಿ ಸುಮಾರು ಶೇ. 12ರಷ್ಟು ತಮ್ಮ ಜಾತಿಯ ಹಾಡನ್ನು ಹಾಡುತ್ತಲೇ ಇರಲಿಲ್ಲ. ಕಲಿಸುವ ಹಿರಿಯರು ಹತ್ತಿರವಿಲ್ಲದೆ, ಆಸುಪಾಸಿನಲ್ಲಿ ಕೇಳಿಸಿದ ಬೇರೆ ಹಕ್ಕಿಗಳ ಹಾಡನ್ನೇ ಕಲಿತಿದ್ದವು. ತಪ್ಪು ಹಾಡಿನ ಗಂಡುಗಳಿಗೆ ಜೊತೆ ಸಿಗುವುದೂ ಗೂಡು ಕಟ್ಟುವುದೂ ಕಡಿಮೆ. ಈಗ ಅಲ್ಲಿ ಮೃಗಾಲಯದಲ್ಲಿ ಮರಿ ಮಾಡಿಸಿ ಕಾಡಿಗೆ ಬಿಡುವ ಕೆಲಸದ ಜೊತೆಗೆ, ಬಿಡುವ ಮೊದಲು ಎಳೆಯ ಗಂಡುಗಳಿಗೆ ಹಾಡು ಕಲಿಸುವ ಕೆಲಸವೂ ನಡೆದಿದೆ. ಕಾಡಿನ ಹಾಡಿನ ಧ್ವನಿಮುದ್ರಣವನ್ನು ಕೇಳಿಸುತ್ತಾರೆ; ಕಾಡಿನಲ್ಲಿ ಹುಟ್ಟಿ ಸರಿಯಾದ ಹಾಡು ಬಲ್ಲ ಗಂಡನ್ನು ಪಂಜರದೊಳಗೆ ಅವುಗಳ ಪಕ್ಕದಲ್ಲಿ ಕೂರಿಸುತ್ತಾರೆ, ಎಳೆಯವು ಅದನ್ನು ಕೇಳಿ ಕಲಿಯಲಿ ಎಂದು.